ಗೇರಾ ಹೊಡೆದ ಗೋಲನ್ನು ನಮ್ಮ ಹೈಸ್ಕೂಲ್ ಮೈದಾನದಲ್ಲಿ ಹೊಡೆಯುವುದು ಹೇಗೆ

ಮೊದಲು ಮೊಬೈಲಿನಲ್ಲಿ ಆ ಗೋಲು ನೋಡಿ. 2016ರ ಜೂನ್ 22, ಯುರೋ ಕಪ್ ಫುಟ್‌ಬಾಲ್, ಹಂಗೇರಿ ಮತ್ತು ಪೋರ್ಚುಗಲ್. ನಮಗೆ ರಾತ್ರಿ ಒಂಬತ್ತೂವರೆಗೆ ಶುರುವಾದ ಮ್ಯಾಚು, ಊಟ ಮುಗಿಸಿ ಟಿವಿ ಮುಂದೆ ಕೂತವರಿಗೆ 19ನೇ ನಿಮಿಷದಲ್ಲೇ ಆ ಗೋಲು ಸಿಕ್ಕಿತು. ಕಾರ್ನರ್ ಚೆಂಡನ್ನು ಪೋರ್ಚುಗಲ್‌ನವರು ಆಚೆ ತಳ್ಳಿದರು. ಗೋಲಿನ ಮುಂದಿನ ಬಾಕ್ಸಿನ ಹೊರಗಿದ್ದ ಹಂಗೇರಿಯ ಝೋಲ್ತಾನ್ ಗೇರಾ ಅದನ್ನು ಎದೆಯಲ್ಲಿ ಇಳಿಸಿಕೊಂಡು, ನೆಲಕ್ಕೆ ಬಡಿದು ಮೇಲೇಳುವಷ್ಟರಲ್ಲಿ ಎಡಗಾಲಿನಿಂದ ಹೊಡೆದ. ಚೆಂಡು ತಗ್ಗಿನಲ್ಲೇ ಹೋಗಿ ಮೂಲೆ ಸೇರಿತು. ಆಗ ಅವನಿಗೆ 37 ವರ್ಷ! ಮ್ಯಾಚು 3-3 ಆಯಿತು, ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ನಡೆಸಿದ ವೋಟಿಂಗ್‌ನಲ್ಲಿ ಅಭಿಮಾನಿಗಳು ಇದನ್ನೇ ಟೂರ್ನಿಯ ಬೆಸ್ಟ್ ಗೋಲು ಎಂದರು.

ನಮ್ಮ ಹುಡುಗರು ಇದನ್ನು ನೋಡಿ ಮಾಡುವ ತಪ್ಪು ಒಂದೇ, ಸೀದಾ ಕಾಲು ಬೀಸುವುದು. ಕಾಲಿನ ಕೆಲಸ ಆಮೇಲಿನದು, ಗೋಲು ಆಗೋದು ಎದೆಯಲ್ಲಿ.

ಸಂಜೆ ಐದರ ಮೇಲೆ ದಾವಣಗೆರೆ ಹೈಸ್ಕೂಲ್ ಮೈದಾನದಲ್ಲಿ ನಾಲ್ಕು ಟೆನಿಸ್ ಬಾಲ್ ಕ್ರಿಕೆಟ್ ಒಟ್ಟಿಗೆ ನಡೆಯುತ್ತಿರುತ್ತದೆ, ಹಾಗಾಗಿ ಬೆಳಿಗ್ಗೆ ಬೇಗ ಹೋಗಿ. ಗೆಳೆಯನಿಗೆ ಹತ್ತು ಹೆಜ್ಜೆ ದೂರದಿಂದ ಕೈಯಲ್ಲೇ ಎತ್ತಿ ಎಸೆಯಲು ಹೇಳಿ. ಎದೆ ಉಬ್ಬಿಸಿ ಕಾಯಬೇಡಿ, ಹಾಗೆ ಮಾಡಿದರೆ ಗೋಡೆಗೆ ಬಡಿದ ಹಾಗೆ ಚೆಂಡು ವಾಪಸ್ ಹಾರುತ್ತದೆ. ತಾಗುವ ಹೊತ್ತಿಗೆ ಉಸಿರು ಬಿಟ್ಟು ಎದೆ ಒಂದಿಷ್ಟು ಒಳಗೆಳೆದುಕೊಳ್ಳಿ. ಸುಮ್ನೆ ಜಾರಿ ಒಂದು ಹೆಜ್ಜೆ ಮುಂದೆ ಬೀಳಬೇಕು. ಒಂದು ವಾರ ಇಷ್ಟೇ ಮಾಡಿ, ಹೊಡೆಯಲೇ ಬೇಡಿ. ಬೇಜಾರಾಗುತ್ತದೆ, ಆಗಲಿ.

ಆಮೇಲೆ ಹೊಡೆತ. ಊರಿದ ಕಾಲು ಚೆಂಡಿನ ಪಕ್ಕದಲ್ಲಿರಲಿ, ಹೊಡೆಯುವ ಕಾಲಿನ ಮೊಣಕಾಲು ಚೆಂಡಿನ ಮೇಲೆ ಬರಲಿ, ಬೆರಳು ಕೆಳಗೆ ಮಾಡಿ ಶೂ ಲೇಸಿನ ಜಾಗದಿಂದ ಹೊಡೆಯಿರಿ. ಹಿಂದಕ್ಕೆ ವಾಲಿದಿರೋ, ಚೆಂಡು ಕಾಂಪೌಂಡ್ ದಾಟಿತು ಅಂತಲೇ ಲೆಕ್ಕ. ಗರಸು ನೆಲದಲ್ಲಿ ಪುಟಿತ ನಂಬುವ ಹಾಗಿಲ್ಲ, ಒಂದು ಕಲ್ಲಿಗೆ ತಾಗಿದರೆ ಸಾಕು, ಮುಖಕ್ಕೇ ಬರುತ್ತದೆ. ಅದಕ್ಕೇ ಜಾಸ್ತಿ ಕಾಯದೆ, ಏಳುವಾಗಲೇ ಹೊಡೆಯಬೇಕು.

ಇಷ್ಟು ಕಲಿತ ಮೇಲೆ ಗೇರಾನ ಬೇರೆ ಆಟವನ್ನೂ ಹುಡುಕಿ. ಹಂಗೇರಿಯ ಪೇಚ್ ಊರಿನವನು, ಅಲ್ಲಿನ ಫೆರೆಂಟ್ಸ್‌ವಾರೋಶ್ ಕ್ಲಬ್ಬಿನಿಂದ 2004ರಲ್ಲಿ ಇಂಗ್ಲೆಂಡಿನ ವೆಸ್ಟ್ ಬ್ರಾಮ್ ಕ್ಲಬ್ ಸೇರಿದ. ಆ ಸೀಸನ್‌ನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಲೀಗ್ ಟೇಬಲ್‌ನ ತಳದಲ್ಲಿದ್ದ ತಂಡ ಕೊನೆಗೂ ಕೆಳಗಿನ ದರ್ಜೆಗೆ ಇಳಿಯದೆ ಉಳಿದುಕೊಂಡಿತು. ನಂತರ ಇಂಗ್ಲೆಂಡಿನದೇ ಫುಲ್ಹಮ್. ಅಲ್ಲಿ 2010ರ ಮಾರ್ಚ್‌ನಲ್ಲಿ ಇಟಲಿಯ ಯುವೆಂಟಸ್ ವಿರುದ್ಧ ಎರಡು ಮ್ಯಾಚಿನ ಹಣಾಹಣಿಯಲ್ಲಿ ಮೊದಲ ಮ್ಯಾಚು 1-3 ಸೋತು, ತವರಿನಲ್ಲಿ ಎರಡನೇ ನಿಮಿಷಕ್ಕೇ ಗೋಲು ಬಿಟ್ಟುಕೊಟ್ಟೂ 4-1ರಿಂದ ಗೆದ್ದರು, ಅದರಲ್ಲಿ ಎರಡು ಇವನವು. ಮತ್ತೆ ವೆಸ್ಟ್ ಬ್ರಾಮ್‌ಗೆ ಬಂದ, ಮತ್ತೆ ಫೆರೆಂಟ್ಸ್‌ವಾರೋಶ್‌ಗೆ ಹೋದ. ಬಿಟ್ಟು ಬಂದ ಕ್ಲಬ್ಬಿಗೆ ವಾಪಸ್ ಹೋಗುವವನನ್ನು ಜನ ಮರೀತಾರಾ, ನೀವೇ ಹೇಳಿ. ನನಗನ್ನಿಸುವುದು, ಗೋಲಿಗಿಂತ ಇದೇ ಅವನ ಹೆಸರನ್ನು ಉಳಿಸಿದೆ.

ಇನ್ನೊಂದು ಮಾತು. ಗೋಲು ಹೊಡೆದಾಗ ಅವನು ಗಾಳಿಯಲ್ಲಿ ಲಾಗ ಹಾಕುತ್ತಿದ್ದ. ಅದೊಂದನ್ನು ಇಲ್ಲಿ ಬಿಟ್ಟುಬಿಡಿ. ನಾನು ಒಮ್ಮೆ ಹಾಕಿದೆ. ಎರಡು ದಿನ ಮಂಡಕ್ಕಿ ಮಿರ್ಚಿಯನ್ನೂ ಎಡಗೈಯಲ್ಲೇ ತಿನ್ನಬೇಕಾಯಿತು.