ಹೆಂಚು ಯಾರು ಹಾಕಿಕೊಟ್ಟರು?

ನಮ್ಮದು ಮೈಸೂರಿನ ಸರಸ್ವತಿಪುರಂನಲ್ಲಿ ಬಾಡಿಗೆ ಮನೆ, ಮಹಡಿ ಮೇಲೆ. ಗುರುವಾರ ಸಂಜೆ ಆರೂವರೆಗೆ ಮೆಟ್ಟಿಲ ಕೆಳಗೆ ಹತ್ತು ಹನ್ನೆರಡು ಜೊತೆ ಚಪ್ಪಲಿ ಬಿದ್ದಿರುತ್ತವೆ. ಮೇಲೆ ಚಾಪೆ ಹಾಸಿಕೊಂಡು ಅಷ್ಟು ಜನ ಕಾಲೇಜು ಹುಡುಗ ಹುಡುಗಿಯರು ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆ ಓದುತ್ತಿರುತ್ತಾರೆ. ನಾನು ಪಾಸ್ಟರ್ ಅಲ್ಲ, ಬೈಬಲ್ ಕಾಲೇಜಿಗೆ ಹೋದವಳೂ ಅಲ್ಲ. ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಒಂಬತ್ತು ವರ್ಷದಿಂದ ಇದು ನಡೆದುಕೊಂಡು ಬಂದಿದೆ. ಮೊದಲ ಎರಡು ವರ್ಷ ಬರೀ ತಪ್ಪು ಮಾಡಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಎಂ.ಎಸ್ಸಿ. ಓದುವಾಗ ಇ.ಯು. ಮೀಟಿಂಗ್‌ಗೆ ಹೋಗುತ್ತಿದ್ದೆ. ಯು.ಇ.ಎಸ್.ಐ. ಅಂತ 1954ರಲ್ಲಿ ಶುರುವಾದ ಕ್ರೈಸ್ತ ವಿದ್ಯಾರ್ಥಿಗಳ ಸಂಘಟನೆ ಇದೆ, ಕಾಲೇಜುಗಳಲ್ಲಿರುವ ಅದರ ಗುಂಪಿಗೆ ಇ.ಯು. ಅಂತಾರೆ. ಅಲ್ಲಿಯ ಒಂದು ರೂಢಿ ನನಗೆ ತುಂಬ ಹಿಡಿಸಿತ್ತು. ಓದುವ ಮಕ್ಕಳೇ ನಡೆಸಬೇಕು, ಓದು ಮುಗಿಸಿದವರು ಹಿಂದೆ ನಿಲ್ಲಬೇಕು. ಹಿಂದೆ ನಿಲ್ಲೋದು ಅಂದರೆ ಕೂರಲು ಜಾಗ ಕೊಡೋದು, ಉಪ್ಪಿಟ್ಟು ಮಾಡೋದು, ಯಾರಾದರೂ ಅತ್ತರೆ ಪಕ್ಕದಲ್ಲಿ ಇರೋದು. ಇದೆಲ್ಲ ಗೊತ್ತಿದ್ದೂ ನನ್ನ ಸರದಿ ಬಂದಾಗ ನಾನು ಮುಂದೆ ಹೋಗಿ ನಿಂತೆ. ಮೇಷ್ಟ್ರ ಬುದ್ಧಿ.

ಶುರು ಭರ್ಜರಿಯಾಗೇ ಆಯಿತು. ಬೆಂಗಳೂರಿನಿಂದ ಭಾಷಣ ಮಾಡುವವರನ್ನು ಕರೆಸಿದೆವು. ಗಿಟಾರು, ಬಾಡಿಗೆ ಪ್ರೊಜೆಕ್ಟರ್, ಕೊನೆಗೆ ಚಿಕನ್ ಬಿರಿಯಾನಿ. ನಲವತ್ತು ಜನ ಬಂದರು. ನಾನೂ ನನ್ನ ಯಜಮಾನರೂ ರಾತ್ರಿ ಹನ್ನೊಂದರವರೆಗೆ ಪಾತ್ರೆ ತೊಳೆದು ದೇವರಿಗೆ ಸ್ತೋತ್ರ ಹೇಳಿ ಮಲಗಿದೆವು. ಮುಂದಿನ ವಾರ ಬಿರಿಯಾನಿ ಇರಲಿಲ್ಲ. ಆರು ಜನ ಬಂದರು. ಅದರಲ್ಲೂ ಇಬ್ಬರು ಚರ್ಚ್ ಹಿರಿಯರ ಮಕ್ಕಳು, ಬರದಿದ್ದರೆ ಮನೆಯಲ್ಲಿ ಬೈಸಿಕೊಳ್ಳಬೇಕಿತ್ತು.

ಶನಿವಾರ ಇಟ್ಟುಕೊಂಡಿದ್ದು ಇನ್ನೊಂದು ದಡ್ಡತನ. ಪಾಂಡವಪುರ, ಮಂಡ್ಯ, ಮದ್ದೂರು ಕಡೆಯ ಹಾಸ್ಟೆಲ್ ಮಕ್ಕಳು ಶನಿವಾರ ಕ್ಲಾಸ್ ಮುಗಿಯುತ್ತಿದ್ದಂತೆ ಒಗೆಯುವ ಬಟ್ಟೆ ತುಂಬಿಕೊಂಡು ರೈಲ್ವೆ ಸ್ಟೇಷನ್ನಿಗೆ ಓಡುತ್ತಾರೆ. ಅವರ ತಾಯಂದಿರಿಗಿಂತ ದೊಡ್ಡವಳು ನಾನಲ್ಲ, ಅಲ್ವಾ? ಗುರುವಾರಕ್ಕೆ ಬದಲಾಯಿಸಿದ ತಿಂಗಳಲ್ಲೇ ಆರು ಇದ್ದದ್ದು ಹದಿನಾಲ್ಕಾಯಿತು. ಇಂಟರ್ನಲ್ಸ್ ವಾರದಲ್ಲಿ ರಜೆ, ದಸರಾದಲ್ಲಿ ರಜೆ. ಇದರ ಬಗ್ಗೆ ಇನ್ನೇನೂ ಹೇಳೋದಿಲ್ಲ.

ನಿಜವಾದ ತಪ್ಪು ಬೇರೆ ಇತ್ತು. ಅದನ್ನು ತೋರಿಸಿಕೊಟ್ಟಿದ್ದು ಒಬ್ಬ ಹುಡುಗಿ, ಅದೂ ಅಡುಗೆಮನೆಯಲ್ಲಿ.

ನಮ್ಮಲ್ಲಿ ಎಲ್ಲ ಇಂಗ್ಲಿಷ್‌ನಲ್ಲಿ ನಡೆಯುತ್ತಿತ್ತು. ಹಾಡು, ಪ್ರಾರ್ಥನೆ, ಚರ್ಚೆ ಎಲ್ಲ. ಕ್ಯಾಂಪಸ್ ಅಂದಮೇಲೆ ಇಂಗ್ಲಿಷ್ ಅಂತ ನಾನೇ ಅಂದುಕೊಂಡಿದ್ದೆ. ಈ ಹುಡುಗಿ ಬಾಗಿಲ ಹತ್ತಿರ ಕೂತು ಐದು ತಿಂಗಳು ಸುಮ್ನೆ ನಕ್ಕೊಂಡಿದ್ದಳು. ಒಂದು ಮಾತಿಲ್ಲ. ನಾಚಿಕೆ ಸ್ವಭಾವ ಇರಬೇಕು ಅಂದುಕೊಂಡೆ. ಅವತ್ತು ಮಾರ್ಕನ ಐದನೇ ಅಧ್ಯಾಯ ಓದಿದ್ದೆವು. ಹನ್ನೆರಡು ವರ್ಷದಿಂದ ರಕ್ತ ಹೋಗುತ್ತಿದ್ದ ಹೆಂಗಸು ಜನರ ನಡುವೆ ನುಗ್ಗಿ ಯೇಸುವಿನ ಬಟ್ಟೆ ಮುಟ್ಟುತ್ತಾಳೆ. ಆಗ ಆತ ಹೊರಟಿದ್ದದ್ದು ಯಾಯೀರ ಅನ್ನುವವನ ಮನೆಗೆ, ಸಾಯುತ್ತಾ ಮಲಗಿದ್ದ ಅವನ ಮಗಳನ್ನು ನೋಡಲು. ಮೀಟಿಂಗ್ ಮುಗಿದಮೇಲೆ ಹುಡುಗಿ ಲೋಟ ತೊಳೆಯಲು ನನ್ನ ಜೊತೆ ಬಂದಳು. ನಲ್ಲಿ ಬಿಟ್ಟುಕೊಂಡೇ ಹೇಳಿದಳು:

“ಅಕ್ಕ, ಆ ಮಗೂಗೂ ಹನ್ನೆರಡು ವರ್ಷ ಅಂತ ಕೊನೇಲಿ ಬರುತ್ತಲ್ಲ. ಆಯಮ್ಮಂಗೆ ಕಾಯಿಲೆ ಬಂದ ವರ್ಷಾನೇ ಆ ಮಗು ಹುಟ್ಟಿರೋದು. ಒಂದು ಮನೇಲಿ ಖುಷಿ, ಇನ್ನೊಂದು ಮನೇಲಿ ಕಷ್ಟ. ಎರಡೂ ಅವತ್ತೇ ಎದುರುಬದುರಾಗಿದಾವೆ.”

ಒಂದು ಗಂಟೆ ಇಂಗ್ಲಿಷ್‌ನಲ್ಲಿ ಮಾತಾಡಿದ ನಮ್ಮಲ್ಲಿ ಒಬ್ಬರಿಗೂ ಇದು ಕಂಡಿರಲಿಲ್ಲ. ನನಗೆ ನಾಚಿಕೆಯಾಯಿತು. ಐದು ತಿಂಗಳು ಈ ಮಗು ಇಂಥವನ್ನು ಎಷ್ಟು ನುಂಗಿಕೊಂಡು ಕೂತಿದ್ದಳೋ.

ಮುಂದಿನ ವಾರದಿಂದ ಕನ್ನಡ. ಇಂಗ್ಲಿಷ್ ಮೀಡಿಯಂನ ಇಬ್ಬರು ಬಿಟ್ಟು ಹೋದರು, ಅದೂ ನಿಜ. ಆದರೆ ಕನ್ನಡ ಅಂದ ತಕ್ಷಣ ಕಷ್ಟ ತೀರಲಿಲ್ಲ. ಸತ್ಯವೇದದ, ಅಂದರೆ ನಮ್ಮ ಕನ್ನಡ ಬೈಬಲಿನ, ಕನ್ನಡ ಬೇರೆ, ಹಾಸ್ಟೆಲಿನ ಕನ್ನಡ ಬೇರೆ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಇಡೀ ಬೈಬಲನ್ನು ಕನ್ನಡದಲ್ಲಿ ಮುಗಿಸಿದ್ದು 1831ರಲ್ಲಿ. ನಾವು ಈಗ ಓದುವುದು ಆಮೇಲೆ ತಿದ್ದಿದ್ದು, ಆದರೂ ಧಾಟಿ ಹಳೆಯದೇ. ಚರ್ಚಿನಲ್ಲಿ ಬೆಳೆದ ಮಕ್ಕಳಿಗೆ ಆ ಮಾತು ಎಷ್ಟು ಅಭ್ಯಾಸ ಅಂದರೆ, ಕಿವಿಗೆ ಬೀಳುತ್ತದೆ, ಒಳಗೆ ಇಳಿಯುವುದಿಲ್ಲ. “ಉಪಚಾರ ಮಾಡಿದಳು” ಅಂತ ಓದುತ್ತಾರೆ. ಅಂದರೆ ಏನು ಮಾಡಿದಳು ಅಂತ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ಹಾಗಾಗಿ ಒಂದು ಪದ್ಧತಿ ಮಾಡಿಕೊಂಡೆವು. ಅವತ್ತಿನ ಭಾಗವನ್ನು ನಾನು ಟೈಪ್ ಮಾಡಿ ಹಾಳೆಗೆ ತೆಗೆಸುತ್ತೇನೆ. ಅಧ್ಯಾಯ, ವಚನದ ಅಂಕಿ ಯಾವುದೂ ಇಲ್ಲ, ಪಕ್ಕದಲ್ಲಿ ಸಾಲಿನ ನಂಬರ್ ಮಾತ್ರ. ಸಾಲುಗಳ ಮಧ್ಯೆ ಬರೆಯಲು ಜಾಗ. ಬೈಬಲ್ ಮೇಲೆ ಗೀಚಲು ನಮ್ಮ ಮಕ್ಕಳಿಗೆ ಕೈ ಬರುವುದಿಲ್ಲ, ಹಾಳೆಯಾದರೆ ಧೈರ್ಯ. ಒಬ್ಬರು ಜೋರಾಗಿ ಓದುತ್ತಾರೆ. ಇನ್ನೊಬ್ಬರು ಹಾಳೆ ಮಗುಚಿಟ್ಟು, ಊರಿನಿಂದ ಬಂದ ಅಜ್ಜಿಗೆ ಹೇಳುವ ಹಾಗೆ ಅದೇ ಕಥೆ ಹೇಳಬೇಕು. ಆಮೇಲೆ ಹತ್ತು ನಿಮಿಷ ಎಲ್ಲರೂ ಸುಮ್ಮನೆ ಪೆನ್ಸಿಲ್ ಹಿಡಿದು ಕೂರಬೇಕು. ಆಮೇಲೆ ಪ್ರಶ್ನೆ. “ನಮ್ಮ ಪಾಸ್ಟರ್ ಹೇಳಿದ್ರು” ಅನ್ನುವ ಹಾಗಿಲ್ಲ, “ಎಷ್ಟನೇ ಸಾಲು?” ಅಂತ ಕೇಳಿದರೆ ತೋರಿಸಬೇಕು. ಫಸ್ಟ್ ಇಯರ್ ಬಿ.ಕಾಂ. ಮಗುವೂ ನನ್ನನ್ನು ಸಾಲಿನ ನಂಬರ್ ಕೇಳಬಹುದು. ಕೇಳಿದ್ದಾರೆ, ಎಷ್ಟೋ ಸಲ ನನ್ನ ಹತ್ತಿರ ಉತ್ತರ ಇರಲಿಲ್ಲ.

ನನಗೆ ನಾನೇ ಹಾಕಿಕೊಂಡ ನಿಯಮ ಒಂದೇ. ಮೊದಲ ನಲವತ್ತು ನಿಮಿಷ ಬಾಯಿ ಬಿಡಬಾರದು. ಯಾರೂ ಮಾತಾಡದೆ ಕೂತಾಗ ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸುತ್ತೇನೆ. ಹದಿನೈದಕ್ಕೆ ಯಾರಾದರೂ ಒಬ್ಬರು ಮಾತು ತೆಗೆಯುತ್ತಾರೆ. ಕೆಮಿಸ್ಟ್ರಿ ಕ್ಲಾಸಿನಲ್ಲಿ ಇದನ್ನು ಮಾಡಿ ನೋಡಿದೆ, ಅಲ್ಲಿ ಕೆಲಸ ಮಾಡಲಿಲ್ಲ.

ಒಂದು ಸಲ ಒಬ್ಬ ಹುಡುಗ “ಕೂಡಲೆ” ಅನ್ನುವ ಮಾತಿಗೆಲ್ಲ ಸುತ್ತು ಹಾಕಿಕೊಂಡು ಬಂದ. ಮಾರ್ಕನಿಗೆ ಅದು ಚಟ. ಗ್ರೀಕ್ ಮೂಲದಲ್ಲಿ ಆ ಪದ ನಲವತ್ತು ಸಲದ ಆಸುಪಾಸು ಬರುತ್ತದೆ. “ಅಕ್ಕ, ಇವ್ನು ಸಿಟಿ ಬಸ್ ಕಂಡಕ್ಟರ್ ಇದ್ದಂಗೆ. ಹತ್ತೋಕೂ ಬಿಡಲ್ಲ, ರೈಟ್ ರೈಟ್ ಅಂತಾನೆ.” ಮಾರ್ಕನ ಬಗ್ಗೆ ನಾನು ಕೇಳಿದ ಉಪನ್ಯಾಸಗಳಲ್ಲಿ ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ.

ಎರಡನೇ ಅಧ್ಯಾಯದ ದಿನವನ್ನಂತೂ ಮರೆಯಲಾರೆ. ಕಪೆರ್ನೌಮಿನಲ್ಲಿ ಯೇಸು ಒಂದು ಮನೆಯೊಳಗಿದ್ದಾನೆ. ಬಾಗಿಲಲ್ಲೂ ಜಾಗ ಇಲ್ಲ. ನಾಲ್ಕು ಜನ ಪಾರ್ಶ್ವವಾಯು ಹೊಡೆದವನನ್ನು ಹೊತ್ತುಕೊಂಡು ಬರುತ್ತಾರೆ, ದಾರಿ ಸಿಗದೆ ಮಾಳಿಗೆ ಹತ್ತಿ ಬಿಚ್ಚಿ ಹಾಸಿಗೆ ಸಮೇತ ಇಳಿಸುತ್ತಾರೆ. ಕಥೆ ಹೇಳುವ ಸರದಿ ಮಳವಳ್ಳಿ ಕಡೆಯ ಒಬ್ಬ ಹುಡುಗನದು. ಚೆನ್ನಾಗೇ ಹೇಳಿದ. ನಂಬಿಕೆ, ಪಾಪಕ್ಷಮೆ ಎಲ್ಲ ಬಂತು. ಕೊನೆಗೆ ಕೇಳಿದ:

“ಅದೆಲ್ಲ ಸರಿ. ಹೆಂಚು ಯಾರ್ ಹಾಕ್ಕೊಟ್ರು?”

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಅವರ ಮನೆ ನಾಡಹೆಂಚಿನದು. ಕೋತಿ ಬಂದು ಹೋದರೆ ಅವರಪ್ಪ ಏಣಿ ಹಾಕಿ ಅರ್ಧ ದಿನ ಹೆಂಚು ಕೂರಿಸಬೇಕು. ಮಾರ್ಕನಲ್ಲಿ ಹೆಂಚು ಅಂತ ಇಲ್ಲ ಅಂದಳು ಒಬ್ಬಳು. ಅದೇ ಕಥೆ ಬರುವ ಲೂಕನ ಸುವಾರ್ತೆಯಲ್ಲಿ ಹುಡುಕಿದೆವು, ಅಲ್ಲಿ ಹೆಂಚು ಇದೆ. ಸರಿ, ಮನೆ ಯಾರದು? ಹಾಳೆ ಹಿಂದಕ್ಕೆ ತಿರುಗಿಸಿದರು. ಮೊದಲ ಅಧ್ಯಾಯದಲ್ಲಿ ಅದೇ ಊರಿನಲ್ಲಿ ಸೀಮೋನ ಪೇತ್ರ ಮತ್ತು ಅವನ ತಮ್ಮ ಅಂದ್ರೆಯನ ಮನೆ ಬರುತ್ತದೆ. ಇದೇ ಮನೆ ಅಂತ ಮಾರ್ಕ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಇರಬಹುದು. ಜ್ವರ ಬಂದು ಮಲಗಿದ್ದ ಪೇತ್ರನ ಅತ್ತೆಯೂ ಅದೇ ಮನೆಯಲ್ಲಿ.

“ಹಂಗಾದ್ರೆ ಅತ್ತೆ ಸರಿಯಾಗಿ ಉಗಿದಿರ್ತಾಳೆ,” ಅಂದ ಹುಡುಗ. ಸ್ವಲ್ಪ ಹೊತ್ತು ಬಿಟ್ಟು, “ಅವ್ರು ಹೆಂಚು ನೋಡ್ಕೊಂಡು ಕೂತಿದ್ರೆ ಇವ್ನು ಎದ್ದು ನಡೀತಿರ್ಲಿಲ್ಲ, ಅಲ್ವಾ?” ಅಂದ.

ಆ ಹುಡುಗ ಈಗ ಊರಿನಲ್ಲಿ ಬೇಸಾಯ ಮಾಡುತ್ತಾನೆ. ಆ ವರ್ಷದ ಗುಂಪಿನ ವಾಟ್ಸಾಪಿಗೆ ಇವತ್ತಿಗೂ “ಹೆಂಚು” ಅಂತಲೇ ಹೆಸರು.

ನಮ್ಮ ಗುಂಪಿನಲ್ಲಿ ವೆಸ್ಲಿ ಚರ್ಚಿನವರಿದ್ದಾರೆ, ಸಂತ ಫಿಲೋಮಿನಾ ಚರ್ಚಿಗೆ ಹೋಗುವ ಕಥೋಲಿಕರಿದ್ದಾರೆ, ಚಪ್ಪಾಳೆ ತಟ್ಟಿ ಹಾಡುವ ಸಭೆಗಳವರೂ ಇದ್ದಾರೆ. ಒಬ್ಬರದು ಸತ್ಯವೇದ, ಇನ್ನೊಬ್ಬರದು ಕಥೋಲಿಕರ ಬೈಬಲ್ ಆದ ಶ್ರೀಗ್ರಂಥ. ಒಂದರಲ್ಲಿ ಸುವಾರ್ತೆ, ಇನ್ನೊಂದರಲ್ಲಿ ಶುಭಸಂದೇಶ. ಇಲ್ಲಿ ಯೋಹಾನ, ಅಲ್ಲಿ ಯೊವಾನ್ನ. ಮೊದಮೊದಲು ಇದು ತಲೆನೋವು ಅನ್ನಿಸುತ್ತಿತ್ತು, ಈಗ ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳುತ್ತೇವೆ. ಎರಡು ಅನುವಾದ ಎಲ್ಲಿ ಬೇರೆಯಾಗುತ್ತವೋ ಅಲ್ಲೇ ಒಳ್ಳೆಯ ಚರ್ಚೆ ಹುಟ್ಟುತ್ತದೆ. ಇನ್ನೊಬ್ಬರ ಚರ್ಚನ್ನು ಆಡಿಕೊಳ್ಳುವ ಹಾಗಿಲ್ಲ. ಭಾನುವಾರ ಅವರವರು ಅವರವರ ಚರ್ಚಿಗೆ ಹೋಗಬೇಕು. ಕಾಣಿಕೆ ಎತ್ತುವುದಿಲ್ಲ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಮತಾಂತರದ ವಿಷಯ ಏನು? ಮೊದಲು ಕೇಳಿದ್ದು ನಮ್ಮ ಓನರ್ ಅಂಕಲ್. “ನೋಡಮ್ಮ, ಬೀದಿಯವರು ಚಪ್ಪಲಿ ಎಣಿಸ್ತಾರೆ” ಅಂದರು. ಮೇಲೆ ಬನ್ನಿ ಅಂದೆ. ಬಂದು, ಕುರ್ಚಿ ಮೇಲೆ ಅರ್ಧ ಗಂಟೆ ಕೂತು, ಕಾಫಿ ಕುಡಿದು, “ಇವರು ಕಾಲೇಜಲ್ಲೂ ಹಿಂಗೇ ಓದ್ತಾರಾ?” ಅಂತ ಕೇಳಿ ಎದ್ದು ಹೋದರು. ಆಮೇಲೆ ಚಪ್ಪಲಿಗೆ ಅಂತ ಒಂದು ಕಬ್ಬಿಣದ ಸ್ಟ್ಯಾಂಡ್ ಅವರೇ ಇಡಿಸಿದರು.

2022ರಲ್ಲಿ ಮತಾಂತರದ ಕಾಯ್ದೆ ಬಂದಾಗ ಮಕ್ಕಳ ಮನೆಗಳಿಂದ ಫೋನು ಜಾಸ್ತಿಯಾಯಿತು. ಧರ್ಮ ಬದಲಾಯಿಸುವವರು ಮೂವತ್ತು ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ ಅದರಲ್ಲಿತ್ತು. ನಮ್ಮದು ಮೊದಲಿಂದಲೂ ಒಂದೇ ಪದ್ಧತಿ. ಯಾವ ಮನೆಯ ಮಗುವೇ ಆಗಲಿ, ಇಲ್ಲಿಗೆ ಬರುವುದು ಮನೆಯವರಿಗೆ ಗೊತ್ತಿರಬೇಕು. ಬೇರೆ ಧರ್ಮದ ಸ್ನೇಹಿತರು ಜೊತೆಗೆ ಬಂದರೆ ಕೂರಬಹುದು, ಓದಬಹುದು, ಒಪ್ಪದೆ ವಾದ ಮಾಡಬಹುದು. ಅವರ ಮೇಲೆ ಯಾರೂ ಕೈಯಿಟ್ಟು ಪ್ರಾರ್ಥಿಸುವುದಿಲ್ಲ.

ಇದಕ್ಕಿಂತ ಕಷ್ಟದ ಪ್ರಶ್ನೆ ಒಬ್ಬ ಡಿಪ್ಲೊಮಾ ಹುಡುಗನಿಂದ ಬಂತು. ಎಲ್ಲರೂ ಹೋದಮೇಲೆ ಮೆಟ್ಟಿಲ ಹತ್ತಿರ ನಿಂತು ಕೇಳಿದ. “ಅಕ್ಕ, ದೀಕ್ಷಾಸ್ನಾನ ತಗೊಂಡ್ರೆ ನನ್ನ ಎಸ್ಸಿ ಸರ್ಟಿಫಿಕೇಟ್ ಏನಾಗುತ್ತೆ?” ದೀಕ್ಷಾಸ್ನಾನ ಅಂದರೆ ಕ್ರೈಸ್ತರಾಗುವ ವಿಧಿ. ಹಾಸ್ಟೆಲ್ ಸೀಟು, ಸ್ಕಾಲರ್‌ಶಿಪ್ ಎಲ್ಲ ಆ ಸರ್ಟಿಫಿಕೇಟ್ ಮೇಲೇ ನಿಂತಿತ್ತು. ದೇವರು ನೋಡಿಕೊಳ್ಳುತ್ತಾನೆ ಅಂತ ಹೇಳಿ ಕಳಿಸುವವರನ್ನು ಕಂಡಿದ್ದೇನೆ, ಅವರ ಮೇಲೆ ನನಗೆ ಸಿಟ್ಟಿದೆ. ಇರುವುದನ್ನು ಇದ್ದ ಹಾಗೆ ಹೇಳಿದೆ. 1950ರ ರಾಷ್ಟ್ರಪತಿ ಆದೇಶದಲ್ಲಿ ಹೆಚ್ಚುಕಡಿಮೆ ಹಿಂದೂಗಳಿಗೆ ಮಾತ್ರ ಆ ಸ್ಥಾನ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರನ್ನು ಸೇರಿಸಲಿಲ್ಲ. ಚರ್ಚಿನೊಳಗೂ ಜಾತಿ ಬಿಡದೆ ಬೆನ್ನು ಹತ್ತುತ್ತದೆ, ಕಾಗದದಲ್ಲಿ ಮಾತ್ರ ಹೋಗುತ್ತದೆ. ಇದು ಸರಿಯಲ್ಲ ಅಂತ ನನ್ನ ಅಭಿಪ್ರಾಯ, ಆದರೆ ಕಾನೂನು ಇರುವುದು ಹೀಗೆ. “ಅವಸರ ಬೇಡ. ಮನೆಯಲ್ಲಿ ಮಾತಾಡು. ಸ್ನಾನ ಕೊಡೋದು ಬಿಡೋದು ನನ್ನ ಕೆಲಸ ಅಲ್ಲ” ಅಂದೆ. ಅವನು ಇನ್ನೂ ಬರುತ್ತಾನೆ. ಏನು ತೀರ್ಮಾನ ಮಾಡಿದ ಅಂತ ನಾನು ಕೇಳಿಲ್ಲ.

ಹೋದ ವರ್ಷ ಏಪ್ರಿಲ್‌ನಲ್ಲಿ ಮಾರ್ಕನ ಕೊನೆಗೆ ಬಂದೆವು. ಎಲ್ಲಕ್ಕಿಂತ ಹಳೆಯ ಹಸ್ತಪ್ರತಿಗಳಲ್ಲಿ ಈ ಸುವಾರ್ತೆ ಹದಿನಾರನೇ ಅಧ್ಯಾಯದ ಎಂಟನೇ ವಚನಕ್ಕೇ ನಿಂತುಬಿಡುತ್ತದೆ. ಹೆಂಗಸರು ಖಾಲಿ ಸಮಾಧಿ ನೋಡಿ ನಡುಗುತ್ತಾ ಓಡುತ್ತಾರೆ, ಹೆದರಿಕೊಂಡು ಯಾರಿಗೂ ಏನೂ ಹೇಳುವುದಿಲ್ಲ. ನಾನು ಹಾಳೆಯನ್ನು ಅಲ್ಲಿಗೇ ನಿಲ್ಲಿಸಿದ್ದೆ. “ಇಷ್ಟೇನಾ?” ಅಂದರು ಎಲ್ಲರೂ. ನಾನು ಎಣಿಸಲು ಶುರು ಮಾಡಿದೆ. ಎಂಟಕ್ಕೇ ಒಬ್ಬಳು ಬಾಯಿ ಬಿಟ್ಟಳು. ಶ್ರೀರಂಗಪಟ್ಟಣದ ಕಡೆಯ ಕಥೋಲಿಕ ಮನೆಯ ಹುಡುಗಿ.

“ಅಕ್ಕ, ನಾನೂ ಮನೇಲಿ ಹೇಳಿಲ್ಲ. ಗುರುವಾರ ಟ್ಯೂಷನ್ ಅಂದಿದೀನಿ. ಬೇರೆಯವ್ರ ಹತ್ರ ಹೋಗ್ತೀಯಾ ಅಂತ ಅಮ್ಮ ಬೈತಾರೆ ಅಂತ ಭಯ.”

ಒಂದು ವರ್ಷ ನನ್ನ ಮನೆಯಲ್ಲೇ ನನ್ನ ನಿಯಮ ಮುರಿದಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಫಾರಂ ತುಂಬಿಸಿಕೊಂಡು ನಂಬಿದ್ದೆ. ಹೇಳಿ ಬಾ, ಹೇಳದೆ ಬರಬೇಡ ಅಂದೆ. ಸ್ವಲ್ಪ ಗಟ್ಟಿಯಾಗೇ ಅಂದೆ ಅನ್ನಿಸುತ್ತೆ. ಅವಳು ಕಣ್ಣು ಒರೆಸಿಕೊಂಡು ಹೋದಳು. ಇನ್ನು ಬರಲ್ಲ ಅಂದುಕೊಂಡೆ.

ಆಗಸ್ಟ್‌ನಲ್ಲಿ ಹೊಸ ಮಕ್ಕಳ ಜೊತೆ ಮತ್ತೆ ಮೊದಲ ಅಧ್ಯಾಯ ಶುರುವಾಯಿತು. ಎರಡನೇ ವಾರ ಅವಳು ಬಂದಳು, ಹಿಂದೆ ಅವಳ ತಾಯಿ. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು, ಬಟ್ಟೆಯಲ್ಲಿ ಸುತ್ತಿದ ಶ್ರೀಗ್ರಂಥ. ಬಾಗಿಲಲ್ಲೇ ನಿಂತು ಕೇಳಿದರು. “ಇಲ್ಲಿ ಮಾತೆ ಮರಿಯಮ್ಮನ್ನ ಬೈಯೋದಿಲ್ವಾ ಮೇಡಂ?” ಇಲ್ಲ, ಕೂತ್ಕೊಳ್ಳಿ ಅಂದೆ. ಕುರ್ಚಿ ಬೇಡ ಅಂದು ಮಗಳ ಪಕ್ಕ ಚಾಪೆ ಮೇಲೇ ಕೂತರು.

ಒಬ್ಬ ಹೊಸ ಹುಡುಗ ತಡವರಿಸುತ್ತಾ ಕಥೆ ಹೇಳುತ್ತಿದ್ದ. ಪೇತ್ರನ ಅತ್ತೆಗೆ ಜ್ವರ, ಯೇಸು ಹತ್ತಿರ ಹೋಗಿ ಕೈ ಹಿಡಿದು ಎಬ್ಬಿಸಿದ, ಜ್ವರ ಬಿಟ್ಟಿತು, ಆಕೆ ಉಪಚಾರ ಮಾಡಿದಳು. “ಉಪಚಾರ ಅಂದ್ರೆ?” ಅಂತ ಯಾರೋ ಕೇಳಿದರು. ಹುಡುಗನಿಗೆ ಗೊತ್ತಿರಲಿಲ್ಲ. ನಾನು ಎಣಿಸುತ್ತಿದ್ದೆ.

“ಊಟಕ್ಕೆ ಇಕ್ಕಿದ್ಲು ಅಂತ,” ಅಂದರು ಆ ತಾಯಿ, ಸೆರಗು ಸರಿ ಮಾಡಿಕೊಳ್ಳುತ್ತಾ. “ಜ್ವರ ಬಿಟ್ಟ ಕೂಡ್ಲೆ ಎದ್ದು ಒಲೆ ಮುಂದೆ ನಿಂತ್ಲಾ? ಅಯ್ಯೋ ಪಾಪ. ಮನೇಲಿ ಬೇರೆ ಯಾರೂ ಇರ್ಲಿಲ್ವಾ?”

ಮಕ್ಕಳೆಲ್ಲ ಹಾಳೆ ತಿರುಗಿಸಿ ಹುಡುಕತೊಡಗಿದರು.