ತುಕ್ಕಿನ ಮೇಲೆ ಕಪ್ಪು ಬಳಿದರೆ ಆಗಲ್ಲ

ಚಿತ್ರದುರ್ಗದಲ್ಲಿ ಟಿಂಕರಿಂಗ್, ಪೇಂಟಿಂಗ್ ಕೆಲಸ ಮಾಡುವವನು ನಾನು. ಭೀಮಸಮುದ್ರದ ಕಡೆ ಅದಿರು ಲಾರಿಗಳ ಹಿಂದೆ ಓಡಾಡುವ ಗಾಡಿಗಳು ಶೆಡ್‌ಗೆ ಬಂದರೆ ನಾನು ಮೊದಲು ಬಗ್ಗಿ ನೋಡುವುದು ಚಕ್ರದ ಹಿಂದಿನ ಜಾಗ, ಬಾಗಿಲ ಕೆಳಗಿನ ಪಟ್ಟಿ. ಬಾನೆಟ್‌ಗೆ ಬೀಳುವ ಕಲ್ಲು ಮುಂದಿನ ಲಾರಿಯದ್ದು. ಇಲ್ಲಿ ಬೀಳುವುದು ನಮ್ಮದೇ ಚಕ್ರ ಎಸೆದದ್ದು.

ಕಂಪನಿಯಿಂದ ಬರುವ ಪೇಂಟ್ ಎಲ್ಲ ಪದರ ಸೇರಿ ಸುಮಾರು 100-120 ಮೈಕ್ರಾನ್ ಅಷ್ಟೇ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಕಲ್ಲೇಟು ಸಾಸಿವೆ ಕಾಳಿನಷ್ಟಿದ್ದರೂ ಸಾಕು, ತುಕ್ಕು ಅಲ್ಲಿಂದ ಪೇಂಟಿನ ಅಡಿಯಲ್ಲೇ ಹರಡುತ್ತದೆ. ಗುಳ್ಳೆ ಎದ್ದ ಮೇಲೇ ನಮಗೆ ಗೊತ್ತಾಗುವುದು. ನನ್ನ ಪಿಕಪ್‌ನಲ್ಲಿ ಗೊಬ್ಬರದ ಚೀಲ ಬೇರೆ ಹೊರುತ್ತೇನೆ. ಸಾಮಾನ್ಯ ಪೊಟ್ಯಾಷ್ ಗೊಬ್ಬರದಲ್ಲಿ ಉಪ್ಪಿನಲ್ಲಿರುವಂಥ ಕ್ಲೋರೈಡ್ ಇರುತ್ತದೆ, ಚೆಲ್ಲಿದ ಕಡೆ ಕಬ್ಬಿಣ ತಿನ್ನುತ್ತದೆ.

ಹಾಗಾಗಿ ನನ್ನ ಪಿಕಪ್‌ನ ಅಡಿಗೆ ತುಕ್ಕು ತಡೆಯುವ ಕೋಟಿಂಗ್ ಹೊಡೆದೆ. ಕೋಟಿಂಗ್‌ಗಿಂತ ಜಾಸ್ತಿ ಹೊತ್ತು ಹಿಡಿದದ್ದು ಅದರ ಮುಂಚಿನ ಕೆಲಸ. ಚಕ್ರ ಬಿಚ್ಚಿ, ಮಡ್‌ಗಾರ್ಡ್ ಒಳಗಿನ ಮಡಚಿದ ಅಂಚಿಗೆ ಸ್ಕ್ರೂಡ್ರೈವರ್ ಹಾಕಿ ಕೆದಕಿದೆ. ಕೆಂಪು ಮಣ್ಣು ಹೆಂಟೆಯಾಗಿ ಬಂತು. ಮೇಲೆ ಒಣಗಿದಂತಿದ್ದರೂ ಮುರಿದರೆ ಒಳಗೆ ತೇವ. ತಿಂಗಳಾನುಗಟ್ಟಲೆ ತಗಡಿಗೆ ಅಂಟಿಕೊಂಡಿರುವ ಈ ತೇವವೇ ನಿಜವಾದ ಶತ್ರು. ಪ್ರೆಶರ್ ವಾಟರ್‌ನಲ್ಲಿ ತೊಳೆದು, ಗಾಡಿಯನ್ನು ಬಿಸಿಲು ಗಾಳಿಗೆ ಬಿಟ್ಟೆ. ನಮ್ಮೂರ ಗಾಳಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಆಮೇಲೆ ಗ್ರೈಂಡರ್‌ಗೆ ವೈರ್ ಬ್ರಶ್ ಹಾಕಿ, ತುಕ್ಕು ಇದ್ದ ಕಡೆ ತಗಡು ಬೆಳ್ಳಗೆ ಹೊಳೆಯುವ ತನಕ ಉಜ್ಜಿದೆ. ತಿನ್ನರ್‌ನಿಂದ ಒರೆಸಿ ತಗಡಿಗೆ ಗಟ್ಟಿಯಾಗಿ ಹಿಡಿಯುವ ಮೊದಲ ಪದರ, ಎಪಾಕ್ಸಿ ಪ್ರೈಮರ್ ಹೊಡೆದೆ. ತಗಡಿನ ಜೋಡಣೆಗಳಿಗೆ ನೀರು ನುಗ್ಗದಂತೆ ಸೀಲರ್. ಅದು ಒಣಗಿದ ಮೇಲೇ ರಬ್ಬರೈಸ್ಡ್ (ರಬ್ಬರ್ ಬೆರೆಸಿದ) ಕೋಟಿಂಗ್. ದಪ್ಪಗೆ ಒಂದೇ ಸಲ ಬೇಡ, ತೆಳ್ಳಗೆ ಎರಡು ಸಲ, ನಡುವೆ ಒಣಗಲು ಬಿಡಬೇಕು. ಸೈಲೆನ್ಸರ್, ಬ್ರೇಕ್, ಪ್ರೊಪೆಲ್ಲರ್ ಶಾಫ್ಟ್‌ಗೆ ಕೋಟಿಂಗ್ ತಾಗದಂತೆ ಮೊದಲೇ ಪೇಪರ್ ಸುತ್ತಿದ್ದೆ. ಬಾಗಿಲ ಪಟ್ಟಿಯ ಕೆಳಗೆ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಅವಕ್ಕೆ ಕಡ್ಡಿ ತುರುಕಿ, ಕೋಟಿಂಗ್ ಹೊಡೆದ ಮೇಲೆ ಕಿತ್ತೆ. ಅವು ಮುಚ್ಚಿಹೋದರೆ ಪಟ್ಟಿ ಒಳಗಿಂದಲೇ ಕೊಳೆಯುತ್ತದೆ. ಒಳಗಿನ ಟೊಳ್ಳಿಗೆ ಉದ್ದನೆಯ ನಳಿಕೆಯಿಂದ ತುಕ್ಕು ತಡೆಯುವ ವ್ಯಾಕ್ಸ್ ಬಿಟ್ಟೆ, ಅದೇ ತೂತುಗಳಲ್ಲಿ ತೊಟ್ಟಿಕ್ಕುವ ತನಕ.

"ಅಣ್ಣಾ, ಸುಮ್ನೆ ಅಡಿಗೆ ಕಪ್ಪು ಹೊಡೆದುಕೊಡಿ" ಅಂತ ಬರುವವರಿದ್ದಾರೆ. ನಾನು ಒಪ್ಪಲ್ಲ. ತುಕ್ಕಿನ ಮೇಲೆ ಡಾಂಬರಿನಂಥದ್ದು ಬಳಿದರೆ ಅದು ಒಣಗಿ ಬಿರುಕು ಬಿಡುತ್ತದೆ, ನೀರು ಒಳಗೆ ನಿಲ್ಲುತ್ತದೆ. ಏನೂ ಬಳಿಯದಿದ್ದರೆ ತುಕ್ಕು ಕಣ್ಣಿಗಾದರೂ ಬೀಳುತ್ತಿತ್ತು, ಅಲ್ವಾ?

ಬಾನೆಟ್ ವಿಷಯ ಬೇರೆ. ಪೇಂಟಿನ ಮೇಲೆ ಹಚ್ಚುವ ಸೆರಾಮಿಕ್ ಕೋಟಿಂಗ್ ಕಲ್ಲು ತಡೆಯುತ್ತದೆ ಅಂತ ನಂಬಬೇಡಿ. ಅದು ಕೆಲವೇ ಮೈಕ್ರಾನ್, ತೊಳೆಯಲು ಸಲೀಸು ಅಷ್ಟೇ. ಕಲ್ಲಿಗೆ ಬೇಕಾದದ್ದು 150-200 ಮೈಕ್ರಾನಿನ ಪಾಲಿಯುರೆಥೇನ್ ಫಿಲ್ಮ್, ಪೇಂಟಿನ ಮೇಲೆ ಅಂಟಿಸುವ ಪ್ಲಾಸ್ಟಿಕ್ ಹಾಳೆ. ಅದು ದುಬಾರಿ, ನನ್ನ ಪಿಕಪ್‌ಗೆ ಹಾಕಿಲ್ಲ. ಬಾನೆಟ್ ಮೇಲೆ ಏಟು ಕಂಡ ದಿನವೇ ಉಜ್ಜಿ ಪ್ರೈಮರ್, ಅದರ ಮೇಲೆ ಟಚ್‌ಅಪ್ ಪೇಂಟ್ ಹಚ್ಚಿಬಿಡುತ್ತೇನೆ.