ಮಳೆಗಾಲದಲ್ಲಿ ನಮ್ಮ ಎಸ್‌ಟಿಪಿ

ಕಾರವಾರದಲ್ಲಿ ಒಂದು ವಸತಿ ಸಮುಚ್ಚಯದ ಕೊಳಚೆ ನೀರು ಶುದ್ಧೀಕರಣ ಘಟಕ (ಎಸ್‌ಟಿಪಿ) ನೋಡಿಕೊಳ್ಳುವುದು ನನ್ನ ಕೆಲಸ. ಶುದ್ಧವಾದ ನೀರು ಗಿಡಗಳಿಗೆ ಹೋಗುತ್ತದೆ. ಮಳೆಗಾಲದಲ್ಲಿ ಗಿಡಕ್ಕೆ ಯಾರು ನೀರು ಬಿಡುತ್ತಾರೆ? ಆಗ ಎಲ್ಲವೂ ಹಳ್ಳಕ್ಕೆ, ಹಳ್ಳದಿಂದ ಕಾಳಿ ನದಿಗೆ. ನದಿಯಲ್ಲಿ ಇಳಿತದ ಹೊತ್ತಿಗೆ ಬಳಚು, ಅಂದರೆ ನಾವು ತಿನ್ನುವ ಒಂದು ಚಿಪ್ಪಿನ ಜೀವಿ, ಆರಿಸುವವರಿದ್ದಾರೆ. ಬಳಚು ನೀರನ್ನು ಸೋಸಿಯೇ ಹೊಟ್ಟೆ ಹೊರೆಯುವ ಜೀವ. ನೀರಲ್ಲಿರುವ ರೋಗಾಣುಗಳು ಅದರ ಮೈಯಲ್ಲಿ ಸೇರಿಕೊಳ್ಳುತ್ತವೆ. 'ಹೇಗೂ ಸಮುದ್ರಕ್ಕೆ ಹೋಗುವ ನೀರು' ಎನ್ನುವ ಮಾತನ್ನು ಅದಕ್ಕೇ ನಾನು ಒಪ್ಪುವುದಿಲ್ಲ.

ಬೇಸಿಗೆಯಲ್ಲಿ ಘಟಕ ತನ್ನ ಪಾಡಿಗೆ ನಡೆಯುತ್ತದೆ. ಬ್ಲೋವರ್ ಗಾಳಿ ಟ್ಯಾಂಕಿನ ಕೊಳಚೆ ನೀರಿಗೆ ಗಾಳಿ ಕೊಡುತ್ತದೆ, ಬ್ಯಾಕ್ಟೀರಿಯಾ ಕೊಳೆ ತಿನ್ನುತ್ತದೆ, ಕೆಸರು ತಳಕ್ಕೆ ಕೂರುತ್ತದೆ. ದಿನಾ ಬೆಳಿಗ್ಗೆ ಗಾಳಿ ಟ್ಯಾಂಕಿನ ನೀರನ್ನು ಒಂದು ಲೀಟರ್ ಸಿಲಿಂಡರಿಗೆ ತುಂಬಿ 30 ನಿಮಿಷ ಅಲುಗಾಡಿಸದೆ ಇಡುತ್ತೇನೆ. ಕಂದು ಕೆಸರು 200ರಿಂದ 300 ಮಿಲಿ ಗೆರೆಯ ನಡುವೆ ನಿಂತು, ಮೇಲೆ ತಿಳಿನೀರು ಕಂಡರೆ ಸಮಾಧಾನ.

ಜೂನ್ ಬಂತೆಂದರೆ ಲೆಕ್ಕವೇ ಬೇರೆ. ಮಳೆನೀರು ಒಳಚರಂಡಿಗೆ ನುಗ್ಗಿದರೆ ಕೆಸರು ಕೂರಲು ಹೊತ್ತೇ ಸಿಗದೆ ನೀರಿನ ಜೊತೆ ಹೊರಟುಹೋಗುತ್ತದೆ. ಕೆಸರೆಂದರೆ ಬ್ಯಾಕ್ಟೀರಿಯಾವೇ. ಅದನ್ನು ಮತ್ತೆ ಬೆಳೆಸಲು ವಾರಗಟ್ಟಲೆ ಬೇಕು.

ನೀರು ಎಲ್ಲಿಂದ ನುಗ್ಗುತ್ತದೆಂದು ಹುಡುಕಲು ಒಳ್ಳೆಯ ಹೊತ್ತು ನಡುರಾತ್ರಿ ಕಳೆದ ಮೇಲೆ, ಮಳೆ ಸುರಿಯುತ್ತಿರುವಾಗ. ಮೂರು ಗಂಟೆಗೆ ಯಾರೂ ಸ್ನಾನ ಮಾಡುವುದಿಲ್ಲ, ಪಾತ್ರೆ ತೊಳೆಯುವುದಿಲ್ಲ ಅಲ್ವಾ? ಆಗ ಚೇಂಬರಿನಲ್ಲಿ, ಅಂದರೆ ಒಳಚರಂಡಿ ಪೈಪುಗಳು ಕೂಡುವ ಗುಂಡಿಯಲ್ಲಿ, ಹರಿಯುವುದು ಹೆಚ್ಚುಕಮ್ಮಿ ಮಳೆನೀರೇ. ಟಾರ್ಚ್ ಹಿಡಿದು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಮುಚ್ಚಳ ಎತ್ತುತ್ತಾ ಹೋದೆ. ಒಂದು ಚೇಂಬರಿನಲ್ಲಿ ಎರಡು ಪೈಪು ಕೂಡುತ್ತವೆ: ಒಂದು ಒಣಗಿತ್ತು, ಇನ್ನೊಂದರಲ್ಲಿ ತಿಳಿನೀರು ಭೋರೆನ್ನುತ್ತಿತ್ತು. ಆ ಸಾಲಿನ ಮನೆಗಳ ತಾರಸಿ ನೀರಿನ ಪೈಪನ್ನು ಒಳಚರಂಡಿಗೇ ಜೋಡಿಸಿದ್ದರು.

ಒಪ್ಪಿಸುವುದು ಸುಲಭವಿರಲಿಲ್ಲ. 'ಅಲ್ಲ ಮಾರಾಯ, ಎರಡೂ ನೀರೇ ಅಲ್ವಾ?' ಎಂದರು ಹಿರಿಯರೊಬ್ಬರು. ಅವರನ್ನು ಘಟಕಕ್ಕೇ ಕರೆದುಕೊಂಡು ಬಂದೆ. ಕೊನೆಯ ಟ್ಯಾಂಕಿನ ಅಂಚಿನಿಂದ ಕಂದು ಚೂರುಗಳು ಹಳ್ಳದ ಕಡೆ ಹೋಗುವುದನ್ನು ತೋರಿಸಿದೆ. ಆಮೇಲೆ ಪೈಪು ಬಿಡಿಸಲು ಅವರೇ ಎಲ್ಲರಿಗೂ ಹೇಳಿದರು. ತಗ್ಗಿನಲ್ಲಿದ್ದ ಚೇಂಬರುಗಳ ಬಾಯನ್ನು ಇಟ್ಟಿಗೆ ಕಟ್ಟಿ ಎತ್ತರಿಸಿದೆವು.

ಇಷ್ಟಾದರೂ ದೊಡ್ಡ ಮಳೆಗೆ ಸ್ವಲ್ಪ ನೀರು ಬಂದೇ ಬರುತ್ತದೆ. ಆಗ ಮಳೆಯ ರಭಸ ಇಳಿಯುವವರೆಗೆ, ಸುಮಾರು ಒಂದು ಗಂಟೆ, ಬ್ಲೋವರ್ ನಿಲ್ಲಿಸುತ್ತೇನೆ. ಕೆಸರು ಗಾಳಿ ಟ್ಯಾಂಕಿನ ತಳದಲ್ಲೇ ಕೂರುತ್ತದೆ, ಮೇಲಿನ ನೀರು ಮಾತ್ರ ಮುಂದೆ ಹೋಗುತ್ತದೆ. ಜಾಸ್ತಿ ಹೊತ್ತು ನಿಲ್ಲಿಸಬಾರದು, ಗಾಳಿಯಿಲ್ಲದೆ ಕೆಸರು ನಾರತೊಡಗುತ್ತದೆ. ಕರೆಂಟು ಹೋಗುವ ಕಾಲವೂ ಅದೇ, ಹಾಗಾಗಿ ಜನರೇಟರಿಗೆ ಡೀಸೆಲ್ ಮೊದಲೇ ತಂದಿಡುತ್ತೇನೆ.

ಹುಣ್ಣಿಮೆ, ಅಮಾವಾಸ್ಯೆಗೆ ಉಬ್ಬರ ಜಾಸ್ತಿ. ಹಳ್ಳದ ನೀರು ನಮ್ಮ ಪೈಪಿನೊಳಗೆ ಹಿಂದಕ್ಕೆ ಬರದಂತೆ ಬಾಯಿಗೆ ಒಂದೇ ಕಡೆ ತೆರೆಯುವ ಮುಚ್ಚಳ ಹಾಕಿಸಿದ್ದೇವೆ. ಅದಕ್ಕೆ ಕಸ ಸಿಕ್ಕಿಕೊಂಡರೆ ಮುಚ್ಚುವುದಿಲ್ಲ. ಇಳಿತದಲ್ಲಿ ಹೋಗಿ ಕೈಯಿಂದಲೇ ತೆಗೆಯಬೇಕು.

ಕ್ಲೋರಿನ್ ಹಾಕುವಾಗ ನಾನು ಕೈ ಬಿಗಿಹಿಡಿಯುತ್ತೇನೆ. ರೋಗಾಣು ಸಾಯಬೇಕು, ಆದರೆ ಉಳಿದ ಕ್ಲೋರಿನ್ ಮೀನಿನ ಮರಿಗಳಿಗೆ ವಿಷ. ನೀರು ಬಿಡುವ ಮುನ್ನ ಪರೀಕ್ಷೆಯ ಕಿಟ್‌ನಲ್ಲಿ ಬಣ್ಣ ನೋಡುತ್ತೇನೆ. ಬಣ್ಣ ಗಾಢವಾಗಿದ್ದರೆ ನೀರನ್ನು ತಡೆದು ನಿಲ್ಲಿಸಿ, ಬಣ್ಣ ತಿಳಿಯಾದ ಮೇಲೆಯೇ ವಾಲ್ವ್ ತೆರೆಯುತ್ತೇನೆ.